ವಸತಿ ಫ್ರೀ ಅಂದ್ರು, ಕೂತು ಲೆಕ್ಕ ಹಾಕಿದೆ

ನಮ್ಮೂರು ಕುಂಭಾಶಿ. ಆನೆಗುಡ್ಡೆ ವಿನಾಯಕ ದೇವಸ್ಥಾನದ ಊರು ಎಂದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ. ರಜೆ ಬಂತೆಂದರೆ ಘಟ್ಟದ ಮೇಲಿನಿಂದ ಬಸ್ಸು, ಟೆಂಪೊ ಟ್ರಾವೆಲರ್‌ಗಳು ಸಾಲುಗಟ್ಟಿ ಬರುತ್ತವೆ. ಯಾತ್ರಿಕರು ಇಳಿದು ದರ್ಶನಕ್ಕೆ, ಊಟಕ್ಕೆ, ಲಾಡ್ಜಿಗೆ ಹೋಗುತ್ತಾರೆ. ಡ್ರೈವರ್ ಮಾತ್ರ ಗಾಡಿ ಬಿಟ್ಟು ದೂರ ಹೋಗುವುದಿಲ್ಲ. ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗುತ್ತಾನೆ. ಬೆಳಿಗ್ಗೆ ಎದ್ದು ನಲ್ಲಿ ಹುಡುಕಿ ಮುಖ ತೊಳೆದು, ಕನ್ನಡಿ ಒರೆಸಿ, ಮತ್ತೆ ಸ್ಟೇರಿಂಗ್ ಹಿಡಿಯುತ್ತಾನೆ. ಚಿಕ್ಕಂದಿನಿಂದ ಇದನ್ನು ನೋಡಿದ್ದೇನೆ. ಗಾಡಿಯಲ್ಲೇ ಮಲಗಿ ಗಾಡಿಯಲ್ಲೇ ಏಳುವುದಕ್ಕೆ ‘ವ್ಯಾನ್ ಲೈಫ್’ ಎಂಬ ಚಂದದ ಹೆಸರಿದೆ ಎಂದು ಗೊತ್ತಾದದ್ದು ಮಾತ್ರ ಹಾಸ್ಟೆಲಿನಲ್ಲಿ, ಗೆಳೆಯನ ಮೊಬೈಲಿನಲ್ಲಿ ರೀಲ್ಸ್ ನೋಡುವಾಗ.

ಆ ರೀಲ್ಸ್ ನೀವೂ ನೋಡಿರುತ್ತೀರಿ. ಗಾಡಿಯ ಹಿಂಬಾಗಿಲು ತೆರೆದರೆ ಎದುರಿಗೆ ಕಡಲು. ಕೈಯಲ್ಲಿ ಕಾಫಿ ಮಗ್, ಮಡಿಲಲ್ಲಿ ಲ್ಯಾಪ್‌ಟಾಪ್. ಬಾಡಿಗೆ ಇಲ್ಲ, ಬಾಸ್ ಇಲ್ಲ. ಬಿ.ಇ. ಎರಡನೇ ವರ್ಷದ ಪರೀಕ್ಷೆಯ ಮುಂಚಿನ ರಾತ್ರಿ ಅದನ್ನು ನೋಡಿದರೆ ಯಾರಿಗೆ ತಾನೇ ಆಸೆ ಆಗುವುದಿಲ್ಲ?

ನನ್ನ ಆಸೆ ಮೇ ತಿಂಗಳಲ್ಲಿ ಒಂದು ರೀತಿಯಲ್ಲಿ ಈಡೇರಿತು. ಮರವಂತೆಯಿಂದ ಬೈಂದೂರಿನ ಕಡೆಗೆ ಕಡಲ ಬದಿಯಲ್ಲಿರುವ ಒಂದು ಟೆಂಟ್ ಕ್ಯಾಂಪಿನಲ್ಲಿ ಸೀಸನ್ ಕೆಲಸ ಸಿಕ್ಕಿತು. ತಿಂಗಳಿಗೆ 12,000 ರೂಪಾಯಿ, ಊಟ, ವಸತಿ ಫ್ರೀ. ವಸತಿ ಎಂದರೆ ಸೀಟು ಕಿತ್ತು ಎರಡು ಮಂಚ ಹಾಕಿದ ಹಳೆಯ ಟೆಂಪೊ ಟ್ರಾವೆಲರ್. ಗಾಳಿಮರದ ಕೆಳಗೆ ನಿಲ್ಲಿಸಿದ್ದರು. ಹಿಂಬಾಗಿಲು ತೆರೆದರೆ ಎದುರಿಗೆ ಕಡಲು. ರೀಲ್ಸಿನಲ್ಲಿದ್ದ ಹಾಗೆಯೇ!

ಅಮ್ಮನಿಗೆ ಹೇಳಿದೆ. “ಮನಿ ಇಪ್ಪತಿಗೆ ಗಾಡಿಯಂಗ್ ಮಲ್ಗೂದ್ ಎಂತಕ್ಕ್ ಮಗಾ?” ಎಂದರು. ನನಗೆ ದುಡ್ಡು ಬೇಕಿತ್ತು. ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಹೋಗಿತ್ತು, ಮನೆಯಲ್ಲಿ ಕೇಳುವ ಮುಖ ಇರಲಿಲ್ಲ. ಕ್ಲಾಸಿನಲ್ಲಿ ಕೆಲವರು ಆನ್‌ಲೈನಿನಲ್ಲಿ ತಾವೇ ದುಡ್ಡು ಕಟ್ಟಿ ಆರು ವಾರದ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ತೆಗೆದುಕೊಳ್ಳುತ್ತಿದ್ದರು. ದುಡ್ಡು ಕೊಟ್ಟು ಕೆಲಸ ಮಾಡದಿರುವುದಕ್ಕಿಂತ ಕೆಲಸ ಮಾಡಿ ದುಡ್ಡು ತೆಗೆದುಕೊಳ್ಳುವುದು ಲೇಸು ಎಂದುಕೊಂಡು ಹೊರಟೆ. ಈಗಲೂ ಆ ಅಭಿಪ್ರಾಯ ಬದಲಾಗಿಲ್ಲ. ಬದಲಾದದ್ದು ‘ಫ್ರೀ’ ಎಂಬ ಪದದ ಮೇಲಿನ ನಂಬಿಕೆ.

ಮೊದಲು ಗಾಡಿಯ ವಿಷಯ. ನಾನು ಓದುತ್ತಿರುವುದು ಮೆಕ್ಯಾನಿಕಲ್, ಹಾಗಾಗಿ ಅಳೆಯುವ ಚಟ. ಎರಡನೇ ದಿನ ಮಧ್ಯಾಹ್ನ ಒಂದು ಥರ್ಮಾಮೀಟರ್ ಇಟ್ಟು ನೋಡಿದೆ. ಹೊರಗೆ ನೆರಳಿನಲ್ಲಿ 34 ಡಿಗ್ರಿ, ಗಾಡಿಯೊಳಗೆ 43. ತಗಡಿನ ಮೈ, ಗಾಜಿನ ಕಿಟಕಿ; ಬಿಸಿಲು ಒಳಗೆ ಬರುತ್ತದೆ, ಬಿಸಿ ಹೊರಗೆ ಹೋಗುವುದಿಲ್ಲ. ರಾತ್ರಿಯಾದರೂ ತಣಿಯುತ್ತದೆಯೇ ಎಂದರೆ, ನಮ್ಮ ಕರಾವಳಿಯ ಮೇ ತಿಂಗಳ ಗಾಳಿಯಲ್ಲಿ ತೇವ ಎಷ್ಟಿರುತ್ತದೆ ಎಂದರೆ ಬೆವರು ಆರುವುದೇ ಇಲ್ಲ. ಬಾಗಿಲು ತೆರೆದಿಟ್ಟರೆ ಸೊಳ್ಳೆ, ಮುಚ್ಚಿದರೆ ಆವಿ.

ಒಂದು ದಿನ ಬೆಂಗಳೂರಿನಿಂದ ಗಂಡ ಹೆಂಡತಿ ತಮ್ಮದೇ ವ್ಯಾನಿನಲ್ಲಿ ಬಂದರು. ಒಳಗೆ ಹಾಸಿಗೆ, ಸಣ್ಣ ಒಲೆ, ಸಿಂಕ್ ಎಲ್ಲ ಇತ್ತು. ಸಂಜೆಗೆ ಅವರ ಬ್ಯಾಟರಿ ಖಾಲಿ. ನಾನು ಕೇಬಲ್ ಎಳೆದು ಕರೆಂಟ್ ಕೊಟ್ಟೆ, ಟ್ಯಾಂಕಿಗೆ ನೀರು ತುಂಬಿಸಿದೆ. ಲೆಕ್ಕ ಸುಲಭ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 1,200 ವ್ಯಾಟ್-ಅವರ್. ಲೆಡ್-ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು, ಅಂದರೆ 600. ಒಂದು ಕಿಲೋವ್ಯಾಟಿನ ಎ.ಸಿ. ಅದನ್ನು ಸುಮಾರು ಅರ್ಧ ಗಂಟೆಯಲ್ಲಿ ನುಂಗುತ್ತದೆ. 25 ವ್ಯಾಟಿನ ಸಣ್ಣ ಫ್ಯಾನಾದರೆ ಇಡೀ ಒಂದು ದಿನ ತಿರುಗುತ್ತದೆ. ಗಾಡಿಯಲ್ಲಿ ಬದುಕುವುದು ಎಂದರೆ ಕಡಲು ನೋಡುತ್ತ ಕೂರುವುದಕ್ಕಿಂತ ಹೆಚ್ಚಾಗಿ ನೀರು, ಕರೆಂಟು, ಶೌಚಾಲಯ ಈ ಮೂರನ್ನು ದಿನವೂ ಹುಡುಕುವುದು. ಹಳೆ ವ್ಯಾನ್ ತೆಗೆದುಕೊಂಡು ಹೀಗೆ ಮನೆ ಮಾಡುತ್ತೇನೆ ಎಂದು ಕನಸು ಕಾಣುವವರಿಗೆ ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಮೂಲ ವಿನ್ಯಾಸವನ್ನು ನಮ್ಮ ಇಷ್ಟದ ಹಾಗೆ ಬದಲಾಯಿಸುವಂತಿಲ್ಲ. ಮೊದಲು ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಸೀಟು ಕೀಳಿ.

ಆ ದಂಪತಿ ಮರುದಿನ ಹೊರಟರು. ಹೊರಡುವಾಗ ಆಕೆ, “ನೀವು ಲಕ್ಕಿ, ದಿನಾ ಇಲ್ಲೇ ಇರ್ತೀರಿ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ನಕ್ಕೆ. ಆದರೆ ಮಾತು ಮನಸ್ಸಿನಲ್ಲಿ ಉಳಿಯಿತು. ಒಂದೇ ಕಡಲು, ಒಂದೇ ಮರದ ನೆರಳು, ಇಬ್ಬರೂ ಗಾಡಿಯಲ್ಲೇ ಮಲಗಿದವರು. ಆದರೆ ಅವರು ಬೇಕಾದಾಗ ಹೊರಡಬಹುದು, ನಾನು ಹೊರಡುವಂತಿಲ್ಲ.

ಈಗ ಕೆಲಸದ ಗಂಟೆ. ಬೆಳಿಗ್ಗೆ ಐದೂವರೆಗೆ ಪಂಪ್ ಹಾಕುವುದರಿಂದ ಶುರು. ಟ್ಯಾಂಕ್ ತುಂಬಿಸಬೇಕು, ಬಚ್ಚಲು ತೊಳೆಯಬೇಕು, ಚಹಾ ಕೊಡಬೇಕು, ಟೆಂಟ್ ಗುಡಿಸಬೇಕು. ಮಧ್ಯಾಹ್ನ ನಾಲ್ಕು ಗಂಟೆ ಬಿಡುವು, ಗಾಡಿಯೊಳಗೆ 43 ಡಿಗ್ರಿ ಇರುವ ಹೊತ್ತು! ಆಮೇಲೆ ಹೊಸ ಅತಿಥಿಗಳು, ಸಂಜೆಗೆ ಒಲೆ, ರಾತ್ರಿ ಊಟ, ಪಾತ್ರೆ. ಮುಗಿಯುವಾಗ ಹನ್ನೊಂದು. ಅಂದರೆ ದಿನಕ್ಕೆ ಹದಿಮೂರೂವರೆ ಗಂಟೆ, ವಾರಕ್ಕೆ 94ಕ್ಕೂ ಹೆಚ್ಚು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುವುದು ದಿನಕ್ಕೆ 9, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ, ಹೆಚ್ಚು ದುಡಿದರೆ ದುಪ್ಪಟ್ಟು ದರ. ಇದು ನನಗೆ ಗೊತ್ತಾದದ್ದು ಕೆಲಸ ಬಿಟ್ಟು ಬಂದ ಮೇಲೆ. ನಾಲ್ಕು ಸೆಮಿಸ್ಟರ್ ಓದಿದವನಿಗೆ ಥರ್ಮೋಡೈನಮಿಕ್ಸಿನ ನಿಯಮ ಬಾಯಿಪಾಠ, ತಾನು ಎಷ್ಟು ಗಂಟೆ ದುಡಿಯಬೇಕು ಎಂಬ ನಿಯಮ ಗೊತ್ತಿಲ್ಲ.

ಆದರೂ ಹನ್ನೊಂದಕ್ಕೆ ಮುಗಿದಿದ್ದರೆ ಸಹಿಸಬಹುದಿತ್ತು. ಮುಗಿಯುತ್ತಿರಲಿಲ್ಲ. ನಾವಿರುವುದು ಅಲ್ಲೇ ಅಲ್ಲವೇ? ಹನ್ನೆರಡಕ್ಕೆ ಒಬ್ಬರು ಬಂದು ಗಾಡಿಯ ತಗಡು ಬಡಿದು ಚಾರ್ಜರ್ ಕೇಳುತ್ತಾರೆ. ಒಂದಕ್ಕೆ ಇನ್ನೊಬ್ಬರಿಗೆ ಕುಡಿಯುವ ನೀರು. ಎರಡನೇ ವಾರದ ಕೊನೆಯಲ್ಲಿ ಒಂದು ರಾತ್ರಿ ಕುಡಿದಿದ್ದ ಇಬ್ಬರು ಹುಡುಗರು ಕಡಲಿಗೆ ಇಳಿಯಲು ಹೊರಟರು. ಅಲ್ಲಿ ರಾತ್ರಿ ಜೀವರಕ್ಷಕರು ಇಲ್ಲ. ಮೇ ಮಧ್ಯದ ಹೊತ್ತಿಗೆ ನಮ್ಮ ಕಡಲು ಹೇಗೆ ಎಳೆಯುತ್ತದೆ ಎಂಬುದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ನಾನೂ ಜೊತೆಯ ಹುಡುಗನೂ ಟಾರ್ಚ್ ಹಿಡಿದು ಓಡಿ, ಮೊಣಕಾಲುದ್ದ ನೀರಿನಲ್ಲಿ ಅವರ ಅಂಗಿ ಹಿಡಿದು ಎಳೆದು ತಂದೆವು. ಬೈಸಿಕೊಂಡೆವು ಕೂಡ. ಬೆಳಿಗ್ಗೆ ಅವರು ಸಾರಿ ಹೇಳಿ, ಸೆಲ್ಫಿ ತೆಗೆದುಕೊಂಡು ಹೋದರು. ನನಗೆ ಆ ದಿನವಿಡೀ ಕೈ ನಡುಗುತ್ತಿತ್ತು. ಒಂದು ಅಲೆ ಹೆಚ್ಚು ಬಂದಿದ್ದರೆ? ನನಗೆ ಕೊಟ್ಟ ಕೆಲಸ ಟೆಂಟ್ ನೋಡಿಕೊಳ್ಳುವುದು. ಜೀವ ಉಳಿಸುವ ತರಬೇತಿ ಇಲ್ಲ, ಲೈಫ್ ಜಾಕೆಟ್ ಇಲ್ಲ, ಆ ಹೊತ್ತಿನ ಸಂಬಳವೂ ಇಲ್ಲ.

ಆಗ ಹೊಳೆಯಿತು. ನನ್ನ ಮನೆ ಅಲ್ಲಿಂದ ಕುಂದಾಪುರದಲ್ಲಿ ಬಸ್ ಬದಲಾಯಿಸಿ ಹೋದರೂ ಸುಮಾರು ಒಂದು ಗಂಟೆಯ ದಾರಿ. ವಸತಿಯ ಅಗತ್ಯ ನನಗೆ ಇದ್ದದ್ದಕ್ಕಿಂತ ಹೆಚ್ಚು ಕ್ಯಾಂಪಿಗೆ ಇತ್ತು. ರಾತ್ರಿ ಒಂದು ಗಂಟೆಗೆ ತಗಡು ಬಡಿದರೆ ಏಳುವವನೊಬ್ಬ ಅಲ್ಲಿ ಬೇಕಿತ್ತು. ಅದನ್ನೇ ‘ಫ್ರೀ ವಸತಿ’ ಎಂದು ನನಗೆ ಕೊಟ್ಟಿದ್ದರು, ನಾನೂ ಥ್ಯಾಂಕ್ಸ್ ಹೇಳಿ ತೆಗೆದುಕೊಂಡಿದ್ದೆ.

ನಮ್ಮ ಜೊತೆ ಅಡುಗೆ ಮನೆಯಲ್ಲಿ ಡಿಗ್ರಿ ಓದುವ ಒಬ್ಬಳು ಹುಡುಗಿ ಇದ್ದಳು. ನನಗಿಂತ ಚುರುಕು, ಅತಿಥಿಗಳ ಹತ್ತಿರ ನಾಲ್ಕು ಭಾಷೆಯಲ್ಲಿ ಮಾತಾಡುತ್ತಿದ್ದಳು. ಅವಳಿಗೆ 8,000. ಯಾಕೆಂದರೆ ಅವಳು ಸಂಜೆ ಆರರ ಬಸ್ಸಿಗೆ ಮನೆಗೆ ಹೋಗಬೇಕು. ಸರಿಯಾದ ಚಿಲಕವಿಲ್ಲದ, ಶೌಚಾಲಯ ಇನ್ನೂರು ಹೆಜ್ಜೆ ದೂರವಿರುವ ಗಾಡಿಯಲ್ಲಿ ಯಾವ ಹುಡುಗಿ ಮಲಗುತ್ತಾಳೆ, ಯಾವ ಮನೆಯವರು ಒಪ್ಪುತ್ತಾರೆ? ‘ಹುಡುಗಿಯರು ಇಂಥ ಕೆಲಸಕ್ಕೆ ಬರುವುದಿಲ್ಲ’ ಎನ್ನುತ್ತೇವೆ. ಬರುತ್ತಾರೆ. ವಸತಿಯ ಹೆಸರಿನಲ್ಲಿ ನಾವು ಏನು ಕೊಡುತ್ತೇವೆ ಎಂಬುದೇ ಅವರನ್ನು ಆರು ಗಂಟೆಯ ಬಸ್ಸಿಗೆ ಹತ್ತಿಸುತ್ತದೆ.

ಇಷ್ಟೆಲ್ಲ ಯೋಚಿಸುವಾಗ ನನಗೆ ನೆನಪಾದದ್ದು ಮಾವ, ಅಮ್ಮನ ಅಣ್ಣ. ಯಕ್ಷಗಾನ ಡೇರೆ ಮೇಳವೊಂದರಲ್ಲಿ ರಂಗಸ್ಥಳ, ಡೇರೆಯ ಕೆಲಸದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದವರು. ನಮ್ಮ ಕುಂದಾಪುರ ಸೀಮೆಯಲ್ಲಿ ಚಕ್ರದ ಮೇಲೆ ಬದುಕುವುದು ಹೊಸತೇನಲ್ಲ. ಮಂದಾರ್ತಿ, ಮಾರಣಕಟ್ಟೆಯಂಥ ಬಯಲಾಟದ ಮೇಳಗಳಿರಲಿ, ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳಿರಲಿ, ದೀಪಾವಳಿ ಕಳೆದ ಮೇಲೆ ಹೊರಟರೆ ಮೇ ತಿಂಗಳ ಕೊನೆಯ ಹೊತ್ತಿಗೆ ತಿರುಗಾಟ ಮುಗಿಯುತ್ತದೆ. ಸುಮಾರು ಆರು ತಿಂಗಳು ಇವತ್ತು ಒಂದೂರು, ನಾಳೆ ಇನ್ನೊಂದೂರು. ಸಾಮಾನೆಲ್ಲ ಲಾರಿಯಲ್ಲಿ. ರಾತ್ರಿ ಆಟ, ಬೆಳಗಾದರೆ ಪೆಟ್ಟಿಗೆ ಕಟ್ಟಿ ಲಾರಿಗೆ ಹೇರಿ ಮುಂದಿನ ಊರು, ಅಲ್ಲಿ ಚೌಕಿಯಲ್ಲೋ ಶಾಲೆಯ ಜಗಲಿಯಲ್ಲೋ ಹಗಲು ನಿದ್ದೆ.

ಅದು ಸುಖದ ಬದುಕು ಎಂದು ನಾನು ಹೇಳುತ್ತಿಲ್ಲ. ಮಾವ ಆಟ ಮುಗಿಸಿ ಬೆಳಗಿನ ಜಾವ ಬೈಕಿನಲ್ಲಿ ಮನೆಗೆ ಬಂದರೆ ಅಮ್ಮ ಇವತ್ತಿಗೂ ಗುಂಡ್ಮಿ ಕಾಳಿಂಗ ನಾವಡರ ಹೆಸರು ತೆಗೆದು ಬೈಯುತ್ತಾರೆ. ಬಡಗುತಿಟ್ಟಿನ ಆ ದೊಡ್ಡ ಭಾಗವತರು 1990ರಲ್ಲಿ ಇನ್ನೂ ಎಳೆ ಪ್ರಾಯದಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ನಮ್ಮ ಕಡೆಯ ಮನೆಗಳಲ್ಲಿ ಆ ದುಃಖ ಇನ್ನೂ ಆರಿಲ್ಲ. ಈಚಿನ ವರ್ಷಗಳಲ್ಲಿ ಕಾಲಮಿತಿ ಆಟಗಳು ಹೆಚ್ಚಾಗಿವೆ. ಇಡೀ ರಾತ್ರಿಯ ಬದಲು ಮಧ್ಯರಾತ್ರಿಯ ಆಸುಪಾಸಿಗೆ ಮಂಗಳ ಹಾಡುತ್ತಾರೆ. ಕಲೆಗೆ ಅದರಿಂದ ಲಾಭವೋ ನಷ್ಟವೋ ಎಂಬ ಚರ್ಚೆ ನಡೆಯುತ್ತಲೇ ಇದೆ. ಡೇರೆ ಬಿಚ್ಚುವವರ ಕಡೆಯಿಂದ ನೋಡಿದರೆ ಕೆಲಸಕ್ಕೊಂದು ಗಡಿಯಾರ ಬಂದದ್ದು ಸಣ್ಣ ಮಾತಲ್ಲ.

ಕಡಲಿನ ಘಟನೆಯ ಮರುದಿನ ನಾನು ಮಾವನಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಒಂದೇ ಮಾತು. “ಮೇಳಕ್ಕೆ ಹೊರಡುವತಿಗೇ ಗೆಜ್ಜೆ ಬಿಚ್ಚು ದಿನ ಗೊತ್ತಿರ್ಕ್ ಮಾಣಿ. ಗೊತ್ತಿಲ್ದೆ ಹ್ವಾಪ್ಕಾಗ.” ಮೇಳದ ತಿರುಗಾಟಕ್ಕೆ ಮೊದಲ ದಿನ, ಕೊನೆಯ ದಿನ ಇರುತ್ತದೆ. ಸಂಬಳದ ಮಾತು ಹೊರಡುವ ಮೊದಲೇ ಆಗಿರುತ್ತದೆ. ಹಗಲು ಚೌಕಿಯಲ್ಲಿ ಮಲಗಿದವನನ್ನು ಸುಮ್ಮನೆ ಎಬ್ಬಿಸುವುದಿಲ್ಲ. ಗೆಜ್ಜೆ ಬಿಚ್ಚಿದ ಮೇಲೆ ಹೋಗಲು ಎಲ್ಲರಿಗೂ ಒಂದು ಮನೆ, ಮಳೆಗಾಲಕ್ಕೆ ಒಂದು ತುಂಡು ಗದ್ದೆಯೋ ಬೇರೆ ಕೆಲಸವೋ ಇರುತ್ತದೆ. ಇಷ್ಟಿದ್ದರೆ ಗಾಡಿಯ ಬದುಕು ಕಷ್ಟವಾದರೂ ಒಂದು ವೃತ್ತಿ.

ಇಷ್ಟಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕವನ್ನು ನೋಡಬಹುದು. ರೀಲ್ಸಿನ ವ್ಯಾನ್ ಲೈಫ್ ಹೆಚ್ಚಾಗಿ ಬಂದದ್ದು ಅಲ್ಲಿಂದಲೇ ತಾನೆ. ಅಲ್ಲಿ ಮನೆಯಷ್ಟು ದೊಡ್ಡ ಗಾಡಿಗಳಲ್ಲಿ ವರ್ಷವಿಡೀ ಬದುಕುತ್ತ, ಬೇಸಿಗೆಯಲ್ಲಿ ಕ್ಯಾಂಪುಗಳಲ್ಲಿ ಶೌಚಾಲಯ ತೊಳೆದು, ಸೌದೆ ಮಾರಿ, ಗಾಡಿ ನಿಲ್ಲಿಸಲು ಜಾಗ ಮತ್ತು ಅಷ್ಟಿಷ್ಟು ಸಂಬಳ ಪಡೆಯುವವರಿದ್ದಾರೆ. ‘ವರ್ಕ್‌ಕ್ಯಾಂಪಿಂಗ್’ ಎನ್ನುತ್ತಾರೆ. ಕ್ರಿಸ್‌ಮಸ್ ಹತ್ತಿರ ಬಂದಾಗ ಇಂಥವರನ್ನು ಗೋದಾಮಿನ ಕೆಲಸಕ್ಕೆ ಕರೆಯಲು ಅಮೆಜಾನ್ ಕಂಪನಿ ‘ಕ್ಯಾಂಪರ್‌ಫೋರ್ಸ್’ ಎಂಬ ಕಾರ್ಯಕ್ರಮವನ್ನೇ ನಡೆಸುತ್ತಿತ್ತು. ಜೆಸಿಕಾ ಬ್ರೂಡರ್ ಎಂಬ ಪತ್ರಕರ್ತೆ ಇವರ ಜೊತೆ ತಿರುಗಿ 2017ರಲ್ಲಿ ‘ನೊಮ್ಯಾಡ್‌ಲ್ಯಾಂಡ್’ ಪುಸ್ತಕ ಬರೆದರು. ಅದೇ ಹೆಸರಿನ ಸಿನಿಮಾಕ್ಕೆ 2021ರಲ್ಲಿ ಆಸ್ಕರ್ ಬಂತು. ಅವರಲ್ಲಿ ಖುಷಿಯಿಂದ ಹೊರಟವರೂ ಇದ್ದಾರೆ. ಆದರೆ ಆ ಪುಸ್ತಕದಲ್ಲಿ ಬರುವ ಅನೇಕರು ಅರವತ್ತು ದಾಟಿದವರು, 2008ರ ಆರ್ಥಿಕ ಕುಸಿತದ ಸುತ್ತಮುತ್ತ ಉಳಿತಾಯ, ಮನೆ ಕಳೆದುಕೊಂಡವರು. ಸೀಸನ್ ಮುಗಿದರೆ ಅವರು ಹೋಗುವುದು ಮನೆಗಲ್ಲ, ಮುಂದಿನ ಸೀಸನ್ನಿಗೆ.

ಈಗ ನನ್ನ ಲೆಕ್ಕ. ಮೊದಲ 14 ದಿನ ಹದಿಮೂರೂವರೆ ಗಂಟೆಯಂತೆ 189 ಗಂಟೆ. ಮಾವನ ಮಾತು ಕೇಳಿದ ಮೇಲೆ ನಾವು ಮೂವರು ಹುಡುಗರು ಧೈರ್ಯ ಮಾಡಿ ಮಾಲೀಕರ ಹತ್ತಿರ ಮಾತಾಡಿದೆವು. ಅವರನ್ನು ‘ಅಣ್ಣ’ ಎನ್ನುತ್ತಿದ್ದೆವು. ಅವರೂ “ಮನೆ ಹುಡುಗರ ಹಾಗೆ ಇರಿ” ಎನ್ನುತ್ತಿದ್ದರು. ಮನೆಯವರು ಎಂದ ಮೇಲೆ ಗಂಟೆಯ ಮಾತು ಎತ್ತುವುದೇ ಕಷ್ಟ! “ಅಣ್ಣ, ರಾತ್ರಿ ಪಾಳಿ ಮಾಡುವ. ಒಬ್ಬ ಎಚ್ಚರ ಇದ್ದರೆ ಉಳಿದವರು ಮಲಗ್ತೇವೆ. ಎಚ್ಚರ ಇದ್ದವ ಬೆಳಿಗ್ಗೆ ಹತ್ತರ ಮೇಲೆ ಕೆಲಸಕ್ಕೆ ಬರ್ತಾನೆ” ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಪ್ಪಿದರು. ಎರಡು ಲೈಫ್ ಜಾಕೆಟ್ ಕೂಡ ತಂದರು. ಅವರೇನು ಕೆಟ್ಟವರಲ್ಲ. ಮಳೆ ಬಂದರೆ ಕ್ಯಾಂಪ್ ಬಂದ್, ಸಾಲದ ಕಂತು ಬಂದ್ ಆಗುವುದಿಲ್ಲ. ನಾವು ಕೇಳಿರಲಿಲ್ಲ, ಅವರು ಯೋಚಿಸಿರಲಿಲ್ಲ, ಅಷ್ಟೇ.

ಉಳಿದ 15 ದಿನ ಹನ್ನೊಂದು ಗಂಟೆಯಂತೆ 165. ಒಟ್ಟು 354 ಗಂಟೆ. 12,000ವನ್ನು ಭಾಗಿಸಿದರೆ ಗಂಟೆಗೆ ಸುಮಾರು 34 ರೂಪಾಯಿ. ಊಟ, ವಸತಿಗೆ ಧಾರಾಳವಾಗಿ 6,000 ಹಿಡಿದು ಸೇರಿಸಿದರೂ 51. ಮೊದಲ ದಿನವೇ ಈ ಲೆಕ್ಕ ಹಾಕಿದ್ದರೆ? ಆಗಲೂ ಹೋಗುತ್ತಿದ್ದೆನೋ ಏನೋ. ಆದರೆ ಕಣ್ಣು ತೆರೆದು ಹೋಗುತ್ತಿದ್ದೆ.

“ಇಪ್ಪತ್ತರ ಪ್ರಾಯದಲ್ಲಿ ಗಂಟೆ ಲೆಕ್ಕ ಯಾಕೆ, ಅನುಭವ ಮುಖ್ಯ” ಎನ್ನುವವರಿದ್ದಾರೆ. ಅನುಭವ ಸಿಕ್ಕಿದ್ದು ನಿಜ. ಪಂಪಿನ ಇಂಪೆಲ್ಲರ್ ಬದಲಾಯಿಸಲು ಲ್ಯಾಬಿನಲ್ಲಿ ಕಲಿಯಲಿಲ್ಲ, ಅಲ್ಲಿ ಕಲಿತೆ. ಸಿಟ್ಟಾದವರ ಎದುರು ಸಮಾಧಾನವಾಗಿ ಮಾತಾಡಲು ಕಲಿತೆ. ರಿಪೇರಿಯಾದ ಲ್ಯಾಪ್‌ಟಾಪ್ ನನ್ನ ದುಡ್ಡಿನದು ಎಂಬ ಖುಷಿಯೂ ಇದೆ. ಆದರೆ ನಿದ್ದೆಗೆಟ್ಟು ಕಲಿಯುವುದೇ ಅನುಭವ ಎಂದಾದರೆ, ನಾಳೆ ಕ್ಯಾಂಪಸ್ ಸೆಲೆಕ್ಷನ್ನಿನಲ್ಲಿ ಕೆಲಸ ಸಿಕ್ಕಿದ ಮೇಲೂ ನಾವು ಬಾಯಿ ತೆರೆಯುವುದಿಲ್ಲ. ಆಫೀಸಿನಲ್ಲೇ ಊಟ, ಆಫೀಸಿನಲ್ಲೇ ಜಿಮ್, ರಾತ್ರಿ ಮನೆಗೆ ಕ್ಯಾಬ್ ಎಂದಾಗ ಅದನ್ನೂ ‘ಫ್ರೀ’ ಎಂದೇ ನಂಬುತ್ತೇವೆ.

ಹಾಗಾಗಿ ಮುಂದಿನ ರಜೆಯಲ್ಲಿ ಹೋಂಸ್ಟೇ, ರೆಸಾರ್ಟ್, ಕ್ಯಾಂಪ್, ಬೋಟ್ ಎಲ್ಲಿಗಾದರೂ ಹೊರಡುವ ಗೆಳೆಯ ಗೆಳತಿಯರಿಗೆ ನನ್ನದೊಂದು ಕೋರಿಕೆ. ಹೋಗಿ, ಖಂಡಿತ ಹೋಗಿ. ಆದರೆ ಒಪ್ಪಿಕೊಳ್ಳುವ ಮೊದಲು ಇಷ್ಟು ಕೇಳಿ. ಕೆಲಸ ಎಷ್ಟು ಗಂಟೆಗೆ ಮುಗಿಯುತ್ತದೆ? ಮುಗಿದ ಮೇಲೆ ಎಬ್ಬಿಸಿದರೆ ಅದಕ್ಕೇನು ಲೆಕ್ಕ? ವಾರದ ರಜೆ ಯಾವಾಗ? ಮಲಗುವ ಜಾಗಕ್ಕೆ ಚಿಲಕ, ಫ್ಯಾನ್, ಹತ್ತಿರದಲ್ಲಿ ಶೌಚಾಲಯ ಇದೆಯೇ? ವಸತಿ ಬೇಡ, ಮನೆಯಿಂದ ಬರುತ್ತೇನೆ ಎಂದರೆ ಸಂಬಳ ಎಷ್ಟು? ಕೊನೆಯ ದಿನ ಯಾವುದು, ಅವತ್ತೇ ಪೂರ್ತಿ ದುಡ್ಡು ಸಿಗುತ್ತದೆಯೇ? ಉತ್ತರವನ್ನು ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಲು ಹೇಳಿ. ಹೋದ ಮೇಲೆ ದಿನದ ಗಂಟೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ನಾವು ಮಾಲೀಕರ ಎದುರು ಕೂತಾಗ ಕೆಲಸಕ್ಕೆ ಬಂದದ್ದು ಆ ಪುಸ್ತಕವೇ, ನಮ್ಮ ಸಿಟ್ಟಲ್ಲ.

ಮೇ 30ಕ್ಕೆ ಮನೆಗೆ ಬಂದೆ. ಮೋಡ ಕಟ್ಟಿತ್ತು. ಅಮ್ಮ ಗಂಜಿ ಬಡಿಸಿದರು, ಫ್ಯಾನಿನ ಕೆಳಗೆ ಹನ್ನೆರಡು ಗಂಟೆ ಮಲಗಿದೆ. ಯಾರೂ ತಗಡು ಬಡಿಯಲಿಲ್ಲ. ಸಂಜೆ ದೇವಸ್ಥಾನದ ಕಡೆಗೆ ಹೋದರೆ ದಾವಣಗೆರೆಯ ಕಡೆಯ ಒಂದು ಬಸ್ಸು ನಿಂತಿತ್ತು. ಡ್ರೈವರ್ ಒಬ್ಬರು ಬಕೆಟ್ ಹಿಡಿದು ನೀರು ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಿದ್ದರು. ನಲ್ಲಿ ಎಲ್ಲಿದೆ ಎಂದು ತೋರಿಸಿದೆ. “ರಾತ್ರಿ ಎಲ್ಲಿ ಮಲಗ್ತೀರಿ ಅಣ್ಣ?” ಎಂದು ಕೇಳಿದೆ. ಇದೆಂಥ ಪ್ರಶ್ನೆ ಎನ್ನುವ ಹಾಗೆ ಬಸ್ಸಿನ ಕಡೆ ಕೈ ತೋರಿಸಿದರು. ಇಪ್ಪತ್ತು ವರ್ಷದಿಂದ ನೋಡುತ್ತಿದ್ದರೂ ಆ ಪ್ರಶ್ನೆಯನ್ನು ನಾನು ಕೇಳಿದ್ದು ಅದೇ ಮೊದಲು. ಯಾತ್ರಾಸ್ಥಳಗಳ ಪಾರ್ಕಿಂಗ್ ಜಾಗದಲ್ಲಿ ಡ್ರೈವರುಗಳಿಗೆ ಒಂದು ಸ್ನಾನದ ಮನೆ, ಫ್ಯಾನ್ ಇರುವ ಒಂದು ಕೋಣೆ ಕಟ್ಟಿಸುವುದು ನಮ್ಮ ಊರುಗಳಿಗೆ ಅಷ್ಟು ದೊಡ್ಡ ಖರ್ಚಾಗಲಾರದು. ನಿಮ್ಮೂರಿನಲ್ಲಿ ಅದಿದೆಯೇ, ಒಮ್ಮೆ ನೋಡಿ.

– ಬಿ.ಇ. ವಿದ್ಯಾರ್ಥಿ, ಕುಂಭಾಶಿ